ಹಳೇ ಡಿಜಿಟಲ್ ಮಲ್ಟಿಮೀಟರ್: ಐಸಿ ಹೋಗಿಲ್ಲ, ತೇವ ಕೂತಿದೆ

"ಮುನ್ನೂರಕ್ಕೆ ಹೊಸದೇ ಸಿಗುತ್ತೆ, ಇದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ ಮಾರಾಯ್ರೆ" ಎಂದು ಚಿಕ್ಕಮಗಳೂರಿನ ರಿಪೇರಿಯವರು ಮೂಲೆಗೆ ಹಾಕಿದ್ದ 7106 ಐಸಿಯ (ವೋಲ್ಟನ್ನು ಅಂಕಿಯಾಗಿಸಿ ಪರದೆಗೆ ಕೊಡುವ ಚಿಪ್), 1999ರವರೆಗೆ ಎಣಿಸುವ ಮೂರೂವರೆ ಅಂಕಿ ಮಲ್ಟಿಮೀಟರ್‌ಗಳು ಈಗ ಸರಿಯಾಗಿ ಓದುತ್ತಿವೆ. ಒಂದರಲ್ಲೂ ಐಸಿ ಬದಲಿಸಿಲ್ಲ.

ಎಲ್ಲದರದ್ದೂ ಒಂದೇ ಕಾಯಿಲೆ. 200 ಮಿಲಿವೋಲ್ಟ್ ರೇಂಜಿನಲ್ಲಿ ಎರಡೂ ಪ್ರೋಬ್ ಒಂದಕ್ಕೊಂದು ಮುಟ್ಟಿಸಿ ಶಾರ್ಟ್ ಮಾಡಿದರೆ 00.0 ಬರಬೇಕು. ಬೇಸಿಗೆಯಲ್ಲಿ ಬರುತ್ತದೆ, ಆಷಾಢದಲ್ಲಿ 02.0 ತೋರಿಸುತ್ತದೆ. ಐಸಿಯ 31ನೇ ಪಿನ್ನಿಗೆ ಇನ್‌ಪುಟ್ ಬರುವುದು 1 ಮೆಗಾಓಮ್ ರೆಸಿಸ್ಟರ್ ದಾಟಿ. ಬೆಸುಗೆ ಹಾಕುವಾಗ ಉಳಿದ ಹಳೇ ಫ್ಲಕ್ಸ್ (ಬೆಸುಗೆ ಅಂಟು) ತೇವ ಹೀರಿ ಅಲ್ಲಿ 2 ನ್ಯಾನೊ ಆಂಪಿಯರ್ ಸೋರಿದರೂ 2 ಮಿಲಿವೋಲ್ಟ್ ಆಯಿತು, ಅಂದರೆ ಪರದೆಯ ಕೊನೆಯ ಅಂಕಿಯಲ್ಲಿ 20 ಹೆಜ್ಜೆ, 20 ಕೌಂಟ್.

ಹೇರ್ ಡ್ರೈಯರ್ ಹಿಡಿದರೆ ಸಂಜೆ ಸರಿ, ಬೆಳಗ್ಗೆ ಮತ್ತೆ ಅದೇ. ಫ್ಲಕ್ಸ್ ಅಲ್ಲೇ ಇದೆಯಲ್ಲ. ಎಣ್ಣೆ ಅಂಶದ ಕಾಂಟ್ಯಾಕ್ಟ್ ಸ್ಪ್ರೇ ಇನ್ನೊಂದು ಪದರ ಸವರಿತಷ್ಟೆ, ಅದಕ್ಕೆ ಕೊಟ್ಟ ದುಡ್ಡು ನೀರಿಗೆ. ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿಂದಿತು.

ಕೆಲಸ ಮಾಡಿದ್ದು ಐಸೊಪ್ರೊಪೈಲ್ ಆಲ್ಕೋಹಾಲ್, ಅರ್ಧ ಲೀಟರಿಗೆ ಇನ್ನೂರರ ಆಸುಪಾಸು. ಪರದೆ, ಅದನ್ನು ಬೋರ್ಡಿಗೆ ಸೇರಿಸುವ ರಬ್ಬರಿನ ಝೀಬ್ರಾ ಪಟ್ಟಿ, ನಾಬ್ ಬಿಚ್ಚಿಡಿ. ನಾಬನ್ನು ತಟ್ಟೆಯೊಳಗೇ ಬಿಚ್ಚಿ, ಅಡಿಯ ಸ್ಟೀಲ್ ಗುಂಡು ಹಾರಿದರೆ ಸಿಗುವುದಿಲ್ಲ. 27ರಿಂದ 34ರವರೆಗಿನ ಪಿನ್ನುಗಳ ನಡುವೆ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಒಂದೇ ತೊಳೆತಕ್ಕೆ ನಿಲ್ಲಿಸಿದವರು ಸೋಲುತ್ತಾರೆ: ಮೊದಲ ಸಲ ಫ್ಲಕ್ಸ್ ಕರಗಿ ಇಡೀ ಬೋರ್ಡಿಗೆ ಹರಡುತ್ತದೆ. ಬಸಿದದ್ದು ಹಳದಿ ಬಿಡುವುದು ನಿಲ್ಲುವವರೆಗೆ ಹೊಸ ಆಲ್ಕೋಹಾಲ್ ಸುರಿಯಿರಿ. ಒಣಗಿಸಲು ಬಿಸ್ಕೆಟ್ ಡಬ್ಬಿಯಲ್ಲಿ 60 ವ್ಯಾಟಿನ ತಂತಿ ಬಲ್ಬು, ಒಂದು ರಾತ್ರಿ. ಆಲ್ಕೋಹಾಲ್ ಪೂರ್ತಿ ಆರಿದ ಮೇಲೆಯೇ ಬಲ್ಬು ಹಾಕಿ, ಬೆಂಕಿಗೆ ದಾರಿ ಬೇಡ. ಎಲ್‌ಇಡಿ ಬಲ್ಬು ಇದಕ್ಕೆ ದಂಡ. ಬಿಸಿ ಇರುವಾಗಲೇ ಆ ಪಿನ್ನುಗಳ ಮೇಲೆ ವಾರ್ನಿಷ್. ಯಾವ ವಾರ್ನಿಷ್ ಎಂದು ಮಾತ್ರ ಕೇಳಬೇಡಿ.

ಅಂಕಿಯ ಗೆರೆ ಮಾಯವಾಗಿದ್ದರೆ ಝೀಬ್ರಾ ಪಟ್ಟಿಯನ್ನು ಆಲ್ಕೋಹಾಲ್ ಒದ್ದೆಯ ಬಟ್ಟೆಯಿಂದ ಒತ್ತಿ ಕೊಳೆ ತೆಗೆಯಿರಿ, ತಿಕ್ಕಬೇಡಿ. ಗಾಜಿನ ಅಂಚಷ್ಟೇ ಒರೆಸಿ, ಮೇಲಿನ ಪೋಲರೈಸರ್ ಹಾಳೆಗೆ ತಾಗಬಾರದು. ಆಮೇಲೆ ಜೋಡಿಸಿ, ಮೀಟರ್ ಆನ್ ಮಾಡಿ 37ನೇ ಪಿನ್ನನ್ನು 1ನೇ ಪಿನ್ನಿಗೆ ಮುಟ್ಟಿಸಿದರೆ -1888 ಪೂರ್ತಿ ಮೂಡಬೇಕು. ಕ್ಷಣ ಮಾತ್ರ; ಡಿಸಿ ಹೆಚ್ಚು ಹೊತ್ತು ಉಳಿದರೆ ಪರದೆ ಸುಡುತ್ತದೆ.

ಕೊನೆಗೆ ಹೊಸ ಬ್ಯಾಟರಿ ಹಾಕಿ, 36 ಮತ್ತು 35ನೇ ಪಿನ್ನುಗಳ ನಡುವೆ 100.0 ಮಿಲಿವೋಲ್ಟ್ ಬರುವಂತೆ ಟ್ರಿಮ್ಮರ್ (ಬೋರ್ಡಿನ ಮೇಲಿನ ಪುಟ್ಟ ತಿರುಗಿಸುವ ರೆಸಿಸ್ಟರ್) ತಿರುಗಿಸಿ. ಇದನ್ನು ಅಳೆಯಲು ನಂಬುವಂಥ ಇನ್ನೊಂದು ಮೀಟರ್ ಬೇಕು.

ಇದರ ನಡುವೆ ಇನ್ನೊಂದು ಪ್ರಯೋಗ: ಇಂಟಿಗ್ರೇಟರಿನ (ಐಸಿ ಅಳೆಯುವಾಗ ಚಾರ್ಜ್ ಕೂಡಿಸುವ ಭಾಗ) 0.22 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಜಾಗಕ್ಕೆ ಗುಜರಿ ಸೆರಾಮಿಕ್. ಅಳೆಯುತ್ತಿದ್ದ ಬ್ಯಾಟರಿಗೆ ಪ್ರೋಬ್ ಅದಲು ಬದಲು ಹಿಡಿದಾಗ ಪ್ಲಸ್ಸಿಗೂ ಮೈನಸ್ಸಿಗೂ ನಾಲ್ಕೈದು ಕೌಂಟ್ ತಾಳೆಯಾಗಲಿಲ್ಲ, ಸೆರಾಮಿಕ್ ತುಸು ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಹಾಕಿದ ಮೇಲೆ ಎರಡೂ ಒಂದೇ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹತ್ತು ರೂಪಾಯಿ ಒಳಗೆ.

ಎಲ್ಲ ಸೇರಿ ಒಂದು ಮೀಟರಿಗೆ ಬ್ಯಾಟರಿ ಬಿಟ್ಟು ಐವತ್ತರ ಹತ್ತಿರ. ಆದರೂ ತೋಟದ ಮೂರು ಫೇಸ್ ಪಂಪ್‌ಸೆಟ್ ಪ್ಯಾನೆಲ್ಲಿಗೆ ಇದನ್ನು ಹಿಡಿಯಬೇಡಿ. ಬಹುತೇಕ ಅಗ್ಗದವುಗಳ 10 ಆಂಪಿಯರ್ ತೂತಿಗೆ ಫ್ಯೂಸೇ ಇಲ್ಲ, ಪ್ರೋಬ್ ತಪ್ಪಿ ಅಲ್ಲಿದ್ದರೆ ಶಾರ್ಟ್ ಆದಾಗ ತಡೆಯುವುದು ಏನೂ ಇರುವುದಿಲ್ಲ.