ಫಾರ್ಮಾಲಿನ್ ಡಬ್ಬಿಯ ಮೇಲೆ ಎರಡು ವೇಳೆ

ಬಾಗಲಕೋಟೆಯಲ್ಲಿ ಪೆಥಾಲಜಿಸ್ಟ್ ಆಗಿರುವ ನನ್ನ ಬಳಿಗೆ ಕೆಲವು ವರ್ಷಗಳ ಹಿಂದೆ ಇಳಕಲ್ ಕಡೆಯ ನೇಕಾರ ಮನೆತನದ ತಾಯಿಯೊಬ್ಬರ ಸ್ತನದ ಕ್ಯಾನ್ಸರ್ ಗಡ್ಡೆ ಪರೀಕ್ಷೆಗೆ ಬಂದಿತ್ತು. ಶನಿವಾರ ಮಧ್ಯಾಹ್ನ ತೆಗೆದ ಇಡೀ ಸ್ತನವನ್ನು ಸೀಳದೆ, ಅದು ಮುಳುಗುವಷ್ಟೂ ಫಾರ್ಮಾಲಿನ್ (ಅಂಗಾಂಶ ಕೆಡದಂತೆ ಕಾಪಿಡುವ ದ್ರಾವಣ) ಇಲ್ಲದ ಡಬ್ಬಿಯಲ್ಲಿಟ್ಟು ಸೋಮವಾರ ಕಳುಹಿಸಿದ್ದರು. ಕೋಶದ ಪ್ರೋಟೀನುಗಳನ್ನು ಬಣ್ಣದಿಂದ ಗುರುತಿಸುವ ಇಮ್ಯುನೋಹಿಸ್ಟೋಕೆಮಿಸ್ಟ್ರಿಯಲ್ಲಿ, ಕ್ಯಾನ್ಸರ್ ಕೋಶ ಬೆಳೆಯಲು ನೆರವಾಗುವ ಪ್ರೋಟೀನುಗಳಾದ ಈಸ್ಟ್ರೋಜನ್ ಗ್ರಾಹಿ, ಪ್ರೊಜೆಸ್ಟರಾನ್ ಗ್ರಾಹಿ, ಹರ್2 ಮೂರೂ ಕಾಣಲಿಲ್ಲ. ಹಾಗೆಯೇ ಸಹಿ ಹಾಕಿದ್ದರೆ ಅದು ‘ಟ್ರಿಪಲ್ ನೆಗೆಟಿವ್’ ಎನಿಸಿಕೊಂಡು, ಹಾರ್ಮೋನ್ ಮಾತ್ರೆಯಾಗಲಿ ಹರ್2 ವಿರುದ್ಧದ ಔಷಧವಾಗಲಿ ಆಕೆಗೆ ದೊರೆಯುತ್ತಿರಲಿಲ್ಲ.

ಸಹಿಗೆ ಮುನ್ನ ಗಡ್ಡೆಯ ಪಕ್ಕದ ಸಹಜ ಹಾಲಿನ ನಾಳಗಳನ್ನು ನೋಡುವುದು ನನ್ನ ರೂಢಿ. ಅವುಗಳ ಕೆಲವು ಕೋಶಗಳಲ್ಲಾದರೂ ಈಸ್ಟ್ರೋಜನ್ ಗ್ರಾಹಿಯ ಕಂದು ಬಣ್ಣ ಕಾಣಬೇಕು. ಇಲ್ಲಿ ಅವೂ ಬರೀ ನೀಲಿಯಾಗಿ ಉಳಿದಿದ್ದವು. ಸಹಜ ಕೋಶವೇ ಬಣ್ಣ ಹಿಡಿಯದ ಸ್ಲೈಡನ್ನು ನಂಬಿ ಗಡ್ಡೆಯನ್ನು ನೆಗೆಟಿವ್ ಎನ್ನುವಂತಿಲ್ಲ. ಫಾರ್ಮಾಲಿನ್ ಅಂಗಾಂಶದೊಳಕ್ಕೆ ಗಂಟೆಗೆ ಸುಮಾರು 1 ಮಿಲಿಮೀಟರಿನಷ್ಟೇ ಇಳಿಯುವುದರಿಂದ, ಅದು ತಲುಪುವ ಮುನ್ನವೇ ಒಳಗಿನ ಪ್ರೋಟೀನುಗಳು ಕೆಟ್ಟಿರುತ್ತವೆ, ನಮ್ಮ ಬೇಸಿಗೆಯಲ್ಲಂತೂ ಇನ್ನೂ ಬೇಗ.

ಶಸ್ತ್ರಚಿಕಿತ್ಸೆಗೆ ಮೊದಲು ಸೂಜಿಯಿಂದ ತೆಗೆದಿದ್ದ ಕೋರ್ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಕೂರಿಸಿದ ಅಂಗಾಂಶದ ತುಂಡು) ಬೇರೊಂದು ಲ್ಯಾಬಿನಲ್ಲಿತ್ತು. ಅದನ್ನು ತರಲು ಹೇಳಿದಾಗ ಆಕೆಯ ಮಗ, “ಗಡ್ಡಿ ತಗದ ಮ್ಯಾಲೆ ಮತ್ತ್ಯಾಕ್ರಿ ಪರೀಕ್ಷಾ?” ಎಂದು ಕೇಳಿದ. ಆ ಪ್ರಶ್ನೆ ನ್ಯಾಯವಾದದ್ದೇ. ಮುಂದಿನ ಔಷಧ ಯಾವುದೆಂದು ತೀರ್ಮಾನವಾಗುವುದು ಇದರಿಂದಲೇ ಎಂದು ಕೂರಿಸಿ ವಿವರಿಸಿದೆ. 1% ಕೋಶಗಳು ಬಣ್ಣ ಹಿಡಿದರೂ ಪಾಸಿಟಿವ್ ಎನ್ನುವ ಈಸ್ಟ್ರೋಜನ್ ಗ್ರಾಹಿ ಆ ಬ್ಲಾಕಿನಲ್ಲಿ ಬಹುಪಾಲು ಕೋಶಗಳಲ್ಲಿ ಗಾಢವಾಗಿ ಕಂಡಿತು. ಹರ್2 ಮಾತ್ರ 2+, ಅಂದರೆ ಹೌದೆನ್ನಲೂ ಅಲ್ಲವೆನ್ನಲೂ ಬಾರದ ಅಂಕ. 17ನೆಯ ವರ್ಣತಂತುವಿನ ಮೇಲಿರುವ ಹರ್2 ಜೀನಿನ ಪ್ರತಿಗಳನ್ನೇ ಎಣಿಸುವ ಫಿಶ್ ಪರೀಕ್ಷೆಗೆ ಬ್ಲಾಕನ್ನು ಬೆಂಗಳೂರಿಗೆ ಕಳುಹಿಸಿದೆವು. ಪ್ರತಿಗಳು ಹೆಚ್ಚಾಗಿರುವುದು, ಅಂದರೆ ಹರ್2 ಪಾಸಿಟಿವ್ ಎನ್ನುವುದು ಖಚಿತವಾಯಿತು.

ಕೀಮೋ ಜೊತೆಗೆ ಆರಂಭಿಸಿ ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ ಹರ್2 ವಿರುದ್ಧದ ಔಷಧ ಟ್ರಾಸ್ಟುಜುಮಾಬ್, ಹೃದಯದ ಮೇಲೆ ನಿಗಾ ಇಡಲು ನಡುನಡುವೆ ಎಕೋ ಸ್ಕ್ಯಾನ್, ಆಮೇಲೆ ಹಾರ್ಮೋನ್ ಮಾತ್ರೆ ಎಂದು ಚಿಕಿತ್ಸೆ ಸಾಗಿತು. ಅಮೆರಿಕದಲ್ಲಿ 1998ರಲ್ಲೇ ಅನುಮತಿ ಪಡೆದ ಟ್ರಾಸ್ಟುಜುಮಾಬ್‌ನ ಬಯೋಸಿಮಿಲರ್ (ಅದನ್ನೇ ಹೋಲುವ, ಕಡಿಮೆ ಬೆಲೆಯ ಔಷಧ) 2014ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಾರದೇ ಹೋಗಿದ್ದರೆ ಆ ಕುಟುಂಬಕ್ಕೆ ಇದು ನಿಲುಕುತ್ತಿರಲಿಲ್ಲ.

ಅಂದಿನಿಂದ ಡಬ್ಬಿಯ ಮೇಲೆ ಗಡ್ಡೆ ತೆಗೆದ ವೇಳೆ, ಫಾರ್ಮಾಲಿನ್‌ಗೆ ಹಾಕಿದ ವೇಳೆ ಎರಡನ್ನೂ ಬರೆಸುತ್ತೇನೆ. ಇವುಗಳ ನಡುವೆ ಒಂದು ಗಂಟೆ ಮೀರಬಾರದು, ಫಾರ್ಮಾಲಿನ್‌ನಲ್ಲಿ 6ರಿಂದ 72 ಗಂಟೆ ಇರಬೇಕು. ಫಾರ್ಮಾಲಿನ್ ಒಳಗಿಳಿಯಲೆಂದು ಸೀಳಿದರೆ, ತೆಗೆದ ಭಾಗದ ಅಂಚು ಗುರುತು ಸಿಗುವುದಿಲ್ಲವೆಂದು ಶಸ್ತ್ರಚಿಕಿತ್ಸಕರು ಹಿಂಜರಿದಾಗ, ಮೊದಲು ಅಂಚುಗಳಿಗೆ ಇಂಕ್ ಹಚ್ಚಿ, ಹಿಂಬದಿಯಿಂದ ಸೀಳುವುದನ್ನು ಥಿಯೇಟರಿಗೇ ಹೋಗಿ ತೋರಿಸಿದೆ. ಶನಿವಾರದ ಶಸ್ತ್ರಚಿಕಿತ್ಸೆಗಳಿಗೆ ಈಗಲೂ ನಾನೇ ಹೋಗುತ್ತೇನೆ.