ಹಿಮ ಸಿಗುತ್ತಾ ಅಂತ ಕೇಳುವ ಮೊದಲು ಗಾಳಿ ನೋಡಿ

ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿ–ಧಾರವಾಡದಿಂದ ಗುಂಪು ಗುಂಪಾಗಿ ಜನ ಉತ್ತರಾಖಂಡದ ಕಡೆ ಹೊರಡುತ್ತಾರೆ. ಕಾಲೇಜು ಹುಡುಗರು, ಬ್ಯಾಂಕಿನವರು, ಈಗೀಗ ನಿವೃತ್ತರೂ. ಕೇದಾರಕಂಠ, ಬ್ರಹ್ಮತಾಲ್ ಅನ್ನುವ ಅಲ್ಲಿನ ಚಾರಣಗಳ ಹೆಸರುಗಳು ನಮ್ಮಲ್ಲಿ ದಾಂಡೇಲಿಯಷ್ಟೇ ಬಳಕೆಯಾಗಿವೆ. ಎಲ್ಲರೂ ಕೇಳುವುದು ಒಂದೇ: ‘ಈ ಸಲ ಹಿಮ ಸಿಗುತ್ತಾ?’ ಗಾಳಿ ಎಷ್ಟಿರುತ್ತದೆ ಅಂತ ಕೇಳುವವರು ಕಡಿಮೆ. ಫೋಟೋಗೆ ಹಿಮ ಬೇಕು, ಸರಿ. ಆದರೆ ತುದಿ ಹತ್ತಬೇಕೋ, ಅರ್ಧದಲ್ಲೇ ತಿರುಗಬೇಕೋ ಅನ್ನುವುದನ್ನು ಬಹಳ ಸಲ ತೀರ್ಮಾನಿಸುವುದು ಗಾಳಿ.

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ ನೆನಪಿರಬೇಕು. ಬಹುತೇಕರು ಕರ್ನಾಟಕದವರು. ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ಅದು ಚಳಿಗಾಲವಲ್ಲ, ಜೂನ್. ಹಾಗಾಗಿ ‘ಬೇಸಿಗೆಯಲ್ಲಿ ಹೋಗ್ತೀವಿ, ಏನೂ ಆಗಲ್ಲ’ ಅನ್ನುವ ಮಾತು ಬೇಡ.

1. ಊರಿನದಲ್ಲ, ತುದಿಯ ಹವಾಮಾನ ಓದಿ

ಮೊಬೈಲಿನಲ್ಲಿ ‘ಸಾಂಕ್ರಿ ವೆದರ್’ ಅಂತ ಹುಡುಕಿದರೆ ಸಿಗುವುದು ಸಾಂಕ್ರಿ ಹಳ್ಳಿಯ ಲೆಕ್ಕ. ಕೇದಾರಕಂಠ ಚಾರಣ ಶುರುವಾಗುವ ಆ ಹಳ್ಳಿ ಇರುವುದು ಸುಮಾರು 1,900 ಮೀಟರ್ ಎತ್ತರದಲ್ಲಿ. ತುದಿ ಇರುವುದು ಸುಮಾರು 3,800 ಮೀಟರಿನಲ್ಲಿ. ಎರಡೂ ಬೇರೆ ಬೇರೆ ಲೋಕ.

ಉಷ್ಣಾಂಶದ ಲೆಕ್ಕ ಸುಲಭ. 1,000 ಮೀಟರ್ ಮೇಲೆ ಹೋದಂತೆ ಸರಾಸರಿ 6.5 ಡಿಗ್ರಿ ಕಡಿಮೆಯಾಗುತ್ತದೆ. ಸಾಂಕ್ರಿಯಲ್ಲಿ 5 ಡಿಗ್ರಿ ಇದ್ದರೆ ತುದಿಯಲ್ಲಿ ಹೆಚ್ಚುಕಡಿಮೆ ಮೈನಸ್ 7. ಮೋಡವಿಲ್ಲದ ರಾತ್ರಿ ತಣ್ಣನೆಯ ಗಾಳಿ ಇಳಿದು ಕಣಿವೆಯ ತಳದಲ್ಲಿ ನಿಂತುಬಿಟ್ಟರೆ ಈ ಲೆಕ್ಕ ತಪ್ಪುವುದೂ ಉಂಟು. ಆದರೂ ಅಂದಾಜಿಗೆ ಸಾಕು.

ಗಾಳಿಗೆ ಇಂಥ ಸುಲಭ ಲೆಕ್ಕ ಇಲ್ಲ, ನೇರವಾಗಿ ನೋಡಬೇಕು. ಹವಾಮಾನ ತೋರಿಸುವ ವಿಂಡಿ ಆ್ಯಪ್‌ನಲ್ಲಿ ಎತ್ತರ ಬದಲಿಸುವ ಪಟ್ಟಿ ಇದೆ. ಅಲ್ಲಿ 700 ಹೆಕ್ಟೋಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆ) ಅಂದರೆ ಸುಮಾರು 3,000 ಮೀಟರ್ ಮೇಲಿನ ಗಾಳಿ, 600 ಅಂದರೆ ಸುಮಾರು 4,200 ಮೀಟರ್. ಕೇದಾರಕಂಠಕ್ಕೆ ಎರಡನ್ನೂ ನೋಡಿ. ಸರಾಸರಿ ವೇಗ ಮಾತ್ರ ನೋಡಿದರೆ ಸಾಲದು, ‘ಗಸ್ಟ್’ ಅಂದರೆ ಒಮ್ಮೆಲೇ ಬೀಸುವ ಹೊಡೆತವನ್ನೂ ನೋಡಿ. ಕಾಲು ತಪ್ಪಿಸುವುದು ಅದೇ. ವೇಗ ಎರಡು ಪಟ್ಟಾದರೆ ಗಾಳಿಯ ದೂಡುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿ.ಮೀ.ಗೂ 40 ಕಿ.ಮೀ.ಗೂ ಇರುವ ವ್ಯತ್ಯಾಸ ಸಣ್ಣದಲ್ಲ.

ಚಳಿಗಾಲದಲ್ಲಿ ಅಲ್ಲಿಗೆ ಹಿಮ ತರುವುದು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’, ಕನ್ನಡದಲ್ಲಿ ಪಶ್ಚಿಮದ ಅಡಚಣೆ. ಮೆಡಿಟರೇನಿಯನ್ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಹವಾಮಾನದ ಅಲೆ ಅದು. ನಾಲ್ಕೈದು ದಿನ ಮೊದಲೇ ಹವಾಮಾನ ಇಲಾಖೆಗೆ ಅದರ ಸುಳಿವು ಸಿಗುತ್ತದೆ. ಡೆಹ್ರಾಡೂನಿನ ಹವಾಮಾನ ಕೇಂದ್ರ ಜಿಲ್ಲೆವಾರು ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತದೆ. ಹಿಮಕುಸಿತದ ಎಚ್ಚರಿಕೆ ಕೊಡುವುದು ಚಂಡೀಗಢದಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ. ಹೊರಡುವ ಹಿಂದಿನ ವಾರದಿಂದ ದಿನಾ ಎರಡನ್ನೂ ನೋಡುವ ರೂಢಿ ಮಾಡಿಕೊಳ್ಳಿ.

2. ಮೈಗೆ ತಾಗುವ ಚಳಿ ಎಷ್ಟು?

ತುದಿಯಲ್ಲಿ ಮೈನಸ್ 7 ಅಂದುಕೊಂಡೆವಲ್ಲ, ಅದು ಗಾಳಿ ಇಲ್ಲದಾಗ. ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ತೆರೆದ ಮುಖಕ್ಕೆ ತಾಗುವ ಚಳಿ ಸುಮಾರು ಮೈನಸ್ 16. ಮೈಯ ಸುತ್ತ ಇರುವ ಬೆಚ್ಚನೆಯ ತೆಳು ಪದರವನ್ನು ಗಾಳಿ ಹೊಡೆದುಕೊಂಡು ಹೋಗುತ್ತದೆ. ‘ವಿಂಡ್ ಚಿಲ್’ ಅನ್ನುವುದು ಇದನ್ನೇ. ಇಂಟರ್‌ನೆಟ್ಟಿನಲ್ಲಿ ಕ್ಯಾಲ್ಕುಲೇಟರ್ ಸಿಗುತ್ತದೆ. ಉಷ್ಣಾಂಶ, ವೇಗ ಹಾಕಿದರೆ ಆಯಿತು. ನಿಮ್ಮ ಜಾಕೆಟ್, ಕೈಗವಸು ತಾಳಬೇಕಾದದ್ದು ಆಗ ಸಿಗುವ ಅಂಕಿಯನ್ನು.

3. ಕಪ್ಪತಗುಡ್ಡದಲ್ಲಿ ರೂಢಿ ಮಾಡಿಕೊಳ್ಳಿ

ಹಿಮ ನೋಡಲು ಹಿಮಾಲಯಕ್ಕೇ ಹೋಗಬೇಕು. ಗಾಳಿ ಕಲಿಯಲು ಬೇಡ. ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಮುಂಗಾರಿನಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ, ಅಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ. ಅದು ವನ್ಯಜೀವಿಧಾಮ. ಅರಣ್ಯ ಇಲಾಖೆಯ ನಿಯಮ ಕೇಳಿಕೊಂಡೇ ಹೋಗಿ.

ಮಾಡಬೇಕಾದ್ದು ಇಷ್ಟು. ಹೊರಡುವ ಮೊದಲು ಆ ದಿನದ ಗಾಳಿ ಎಷ್ಟೆಂದು ಫೋನಿನಲ್ಲಿ ನೋಡಿ ಬರೆದುಕೊಳ್ಳಿ. ಮೇಲೆ ಹೋಗಿ ಮೊದಲು ಗುಡ್ಡದ ಮರೆಯಲ್ಲಿ ನಿಲ್ಲಿ. ಆಮೇಲೆ ನೆತ್ತಿಗೆ ಬನ್ನಿ. ಒಂದೇ ಗುಡ್ಡ, ನೂರು ಹೆಜ್ಜೆ ಅಂತರ, ಆದರೆ ಗಾಳಿ ಪೂರ್ತಿ ಬೇರೆ. ಗಾಳಿಯ ವೇಗದ ಕಣ್ಣಂದಾಜಿಗೆ ಬ್ಯೂಫೋರ್ಟ್ ಅಳತೆ ಇದೆ. ಧೂಳು, ಕಾಗದದ ಚೂರು ಹಾರತೊಡಗಿದರೆ 20ರಿಂದ 28 ಕಿ.ಮೀ. ಸಣ್ಣ ಮರಗಳು ತೂಗಾಡಿದರೆ 29ರಿಂದ 38. ಛತ್ರಿ ಹಿಡಿಯಲು ಕಷ್ಟವಾದರೆ 39ರಿಂದ 49. ಎದುರು ನಡೆಯಲೇ ಕಷ್ಟವಾದರೆ 50 ದಾಟಿದೆ ಅಂತ ತಿಳಿಯಿರಿ.

ಬೆನ್ನಿಗೆ ಬ್ಯಾಗ್ ಹಾಕಿಕೊಂಡು 40ರ ಗಾಳಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಬೆವರಿದ ಅಂಗಿ ಕಪ್ಪತಗುಡ್ಡದಲ್ಲೂ ಮೈ ನಡುಗಿಸುತ್ತದೆ. ಇದೇ ಗಾಳಿ ಮೈನಸ್ 7ರಲ್ಲಿ ಹೇಗಿರಬಹುದು ಅನ್ನುವುದು ಆಗ ಗೊತ್ತಾಗುತ್ತದೆ. ನನ್ನ ಪ್ರಕಾರ ಜಿಮ್ಮಿನಲ್ಲಿ ಓಡುವುದಕ್ಕಿಂತ ಇದು ಒಳ್ಳೆ ತಯಾರಿ. ಓಡುವುದನ್ನು ಬಿಡಬೇಕಂತಲ್ಲ.

4. ಕ್ಯಾಂಪಿನಲ್ಲಿ ಆಕಾಶ ನೋಡಿ

ಮೇಲೆ ನೆಟ್‌ವರ್ಕ್ ಇರುವುದಿಲ್ಲ. ಆಗ ಕಣ್ಣೇ ಗತಿ. ದೂರದ ಎತ್ತರದ ಶಿಖರದಿಂದ ಬಿಳಿ ಬಾವುಟದ ಹಾಗೆ ಹಿಮ ಹಾರುತ್ತಿದ್ದರೆ ಅಲ್ಲಿ ಜೋರು ಗಾಳಿ ಇದೆ. ನಿಮ್ಮ ಟೆಂಟಿನ ಬಳಿ ಎಲೆಯೂ ಅಲುಗಾಡದಿರಬಹುದು, ನಂಬಬೇಡಿ. ಶಿಖರದ ಮೇಲೆ ಕಣ್ಣಿನ ಆಕಾರದ ನುಣುಪು ಮೋಡ ನಿಂತಿದ್ದರೂ ಅರ್ಥ ಅದೇ. ಸೂರ್ಯ ಅಥವಾ ಚಂದ್ರನ ಸುತ್ತ ದೊಡ್ಡ ಬಳೆ ಕಂಡು, ಮೋಡ ದಿನವಿಡೀ ದಪ್ಪಗಾಗುತ್ತಾ ಹೋದರೆ ಹಿಮ ಬೀಳುವ ಲಕ್ಷಣ.

ಎತ್ತರ ತೋರಿಸುವ ವಾಚು ಇದ್ದವರಿಗೆ ಇನ್ನೊಂದು ಉಪಾಯ. ಅದು ಎತ್ತರ ಹೇಳುವುದು ಗಾಳಿಯ ಒತ್ತಡ ಅಳೆದು. ರಾತ್ರಿ ಮಲಗುವಾಗ ಅಂಕಿ ನೋಡಿಕೊಳ್ಳಿ. ಬೆಳಿಗ್ಗೆ ನೀವು ಅಲ್ಲೇ ಇದ್ದರೂ ವಾಚು ನಿಮ್ಮನ್ನು 50 ಮೀಟರ್ ಮೇಲೆ ಏರಿಸಿದ್ದರೆ ಒತ್ತಡ ಕುಸಿದಿದೆ, ಹವಾಮಾನ ಕೆಡುತ್ತಿದೆ. ಜಿಪಿಎಸ್ ಮಾತ್ರ ಇರುವ ವಾಚಿನಲ್ಲಿ ಇದು ನಡೆಯುವುದಿಲ್ಲ.

5. ಹಿಮ ಎಲ್ಲಿ ಗುಡ್ಡೆಯಾಗಿದೆ ನೋಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹಿಮ ಬಿದ್ದಲ್ಲೇ ಇರುವುದಿಲ್ಲ. ಗಾಳಿ ಅದನ್ನು ಒಂದು ಕಡೆಯಿಂದ ಕೆರೆದು, ನೆತ್ತಿ ದಾಟಿಸಿ, ಮರೆಯ ಇಳಿಜಾರಿನಲ್ಲಿ ಸುರಿಯುತ್ತದೆ. ಆಕಾಶದಿಂದ ಒಂದು ಚೂರೂ ಹಿಮ ಬೀಳದ ದಿನವೂ ಅಲ್ಲಿ ಅಡಿಗಟ್ಟಲೆ ಸೇರಬಹುದು. ಹಾರುವಾಗ ಹರಳುಗಳು ಪುಡಿಯಾಗಿ, ಬಿದ್ದ ಮೇಲೆ ಒತ್ತಾಗಿ ಕೂಡಿ ಗಟ್ಟಿ ಹಲಗೆಯಾಗುತ್ತವೆ. ಕೆಳಗಿನ ಪದರ ಸಡಿಲವಿದ್ದರೆ ಒಬ್ಬ ಮನುಷ್ಯನ ಭಾರಕ್ಕೇ ಇಡೀ ಹಲಗೆ ಜಾರುತ್ತದೆ. ಜನರನ್ನು ಹೂಳುವ ಹಿಮಕುಸಿತಗಳಲ್ಲಿ ಹೆಚ್ಚಿನವು ಹೀಗೆ ಅವರೋ ಅವರ ಜೊತೆಯವರೋ ಕಾಲಿಟ್ಟಿದ್ದರಿಂದಲೇ ಹೊರಟಂಥವು.

ಗಾಳಿಗೆ ಎದುರಾದ ಮೈಯಲ್ಲಿ ಹಿಮ ಗಟ್ಟಿ, ತೆಳು, ಗೀರುಗೀರಾಗಿರುತ್ತದೆ. ಮರೆಯ ಮೈಯಲ್ಲಿ ನೋಡಲು ಮೆತ್ತಗೆ, ನಯವಾಗಿ, ಉಬ್ಬಿಕೊಂಡಿರುತ್ತದೆ. ಫೋಟೋಗೆ ಚೆಂದ ಕಾಣುವುದು ಎರಡನೆಯದು, ಅಪಾಯವೂ ಅಲ್ಲೇ. ನೆತ್ತಿಯ ಅಂಚಿನಲ್ಲಿ ಹಿಮ ಹೊರಚಾಚಿ ನಿಲ್ಲುವುದಕ್ಕೆ ‘ಕಾರ್ನಿಸ್’ ಅನ್ನುತ್ತಾರೆ. ಮೇಲಿನಿಂದ ನೋಡಿದರೆ ನೆಲ ಅಂತಲೇ ಅನ್ನಿಸುತ್ತದೆ, ಅಡಿಯಲ್ಲಿ ಏನೂ ಇರುವುದಿಲ್ಲ. ಸೆಲ್ಫಿಗೆ ಅಂಚಿನವರೆಗೆ ಹೋಗಲೇಬೇಡಿ.

ಹಲಗೆ ಜಾರುವ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಚಾರಣದ ಕೋಲನ್ನು ಇಳಿಜಾರಿನ ಮೇಲೆ ಮಲಗಿಸಿ, ಅದರ ಮೇಲೆ ಫೋನಿಟ್ಟು ಲೆವೆಲ್ ಆ್ಯಪ್‌ನಲ್ಲಿ ಕೋನ ನೋಡಬಹುದು. ನೀವು ನಿಂತ ಜಾಗ ಚಪ್ಪಟೆ ಇದ್ದರೂ ಮೇಲೆ ಅಂಥ ಇಳಿಜಾರು ಇದ್ದರೆ ಅಲ್ಲಿ ಊಟಕ್ಕೆ ಕೂರಬೇಡಿ. ಕಾಲಿಟ್ಟಾಗ ಒಳಗಿನಿಂದ ‘ಧುಮ್’ ಅಂತ ಸದ್ದು ಬಂದರೆ, ಪಾದದಿಂದ ಬಿರುಕು ಓಡಿದರೆ, ಪಕ್ಕದ ಗುಡ್ಡದಲ್ಲಿ ಆಗಲೇ ಕುಸಿದಿದ್ದರೆ ಬಂದ ದಾರಿಯಲ್ಲೇ ವಾಪಸ್. ಜೋರಾಗಿ ಹಿಮ ಬಿದ್ದ ಮೇಲಿನ ಒಂದೆರಡು ದಿನ ಕಡಿದಾದ ಇಳಿಜಾರಿನ ಹತ್ತಿರ ಹೋಗದಿರುವುದೇ ಸರಿ.

6. ಬಟ್ಟೆ, ಹೊತ್ತು

ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಳಗೆ ಹತ್ತಿ ಬೇಡ, ಅದು ಬೆವರು ಹಿಡಿದಿಟ್ಟು ತಣ್ಣಗಾಗುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುವ ನಮ್ಮ ಹಾವೇರಿ ಕಡೆಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮಧ್ಯದಲ್ಲಿ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ಪದರ. ದಪ್ಪ ಸ್ವೆಟರ್ ಒಂದೇ ಇದ್ದರೆ ಗಾಳಿ ಅದರೊಳಗಿಂದಲೇ ಹಾಯುತ್ತದೆ. ಕಪ್ಪು ಕನ್ನಡಕ ಮರೆಯಬೇಡಿ, ಹೊಸ ಹಿಮ ಅತಿನೇರಳೆ ಕಿರಣದ ಶೇ 80ರವರೆಗೆ ಕಣ್ಣಿಗೇ ತಿರುಗಿಸಿ ಕಳಿಸುತ್ತದೆ.

ತುದಿಯ ದಿನ ನಸುಕಿಗೆ ಮೊದಲೇ ಎಬ್ಬಿಸುವುದು ಸೂರ್ಯೋದಯದ ಫೋಟೋಗೆ ಮಾತ್ರವಲ್ಲ. ಬೆಳಿಗ್ಗೆ ಹಿಮ ಗಟ್ಟಿಯಾಗಿದ್ದು ಬೂಟಿಗೆ ಕಟ್ಟಿದ ಮುಳ್ಳು ಹಿಡಿಯುತ್ತದೆ. ಬಿಸಿಲೇರಿದರೆ ಮೊಣಕಾಲವರೆಗೆ ಹೂತುಹೋಗುತ್ತೀರಿ. ಮಧ್ಯಾಹ್ನದ ಮೇಲೆ ಗಾಳಿಯೂ ಜಾಸ್ತಿ.

7. ತಿರುಗುವ ಹೊತ್ತು ಮೊದಲೇ ಗೊತ್ತು ಮಾಡಿ

ಹಿಂದಿನ ರಾತ್ರಿಯೇ ಗೈಡ್ ಜೊತೆ ಕೂತು ಕೇಳಿ: ‘ಭಯ್ಯಾ, ಎಷ್ಟು ಗಂಟೆಗೆ ವಾಪಸ್ ತಿರುಗೋಣ? ನೆತ್ತಿಯಲ್ಲಿ ಗಾಳಿ ಎಷ್ಟಾದರೆ ಮುಂದೆ ಹೋಗಲ್ಲ? ನಡುವೆ ಮರೆ ಎಲ್ಲಿದೆ?’ ಉತ್ತರ ಸ್ಪಷ್ಟವಾಗಿರಬೇಕು. ‘ನೋಡೋಣ’ ಅಂದರೆ ಮತ್ತೆ ಕೇಳಿ. ಕೊಟ್ಟ ಹಣ, ಹಾಕಿದ ರಜೆ ಎರಡೂ ಆಮೇಲೆ ತಲೆ ಕೆಡಿಸುತ್ತವೆ, ಅದಕ್ಕೇ ಮೊದಲೇ ಗೊತ್ತು ಮಾಡುವುದು.

ಜೊತೆಯವರ ಮೇಲೆ ಕಣ್ಣಿರಲಿ. ಮಾತು ತೊದಲಿದರೆ, ಜಿಪ್ ಹಾಕಲು ಬೆರಳು ಬಾರದಿದ್ದರೆ, ಸುಮ್ನೆ ಎಡವುತ್ತಿದ್ದರೆ ಮೈಯ ಬಿಸಿ ಇಳಿಯುತ್ತಿದೆ ಅಂತ ಅರ್ಥ. ‘ನಾನು ಆರಾಮ ಇದ್ದೀನಿ’ ಅಂದರೂ ಕೇಳಬೇಡಿ. ಗಾಳಿಯ ಮರೆಗೆ ಕರೆದುಕೊಂಡು ಹೋಗಿ, ಒದ್ದೆ ಬಟ್ಟೆ ಬದಲಿಸಿ, ತಲೆ ಮುಚ್ಚಿ, ಎಚ್ಚರವಿದ್ದರೆ ಬಿಸಿ ಸಿಹಿ ಚಹಾ ಕುಡಿಸಿ. ರಮ್, ಬ್ರಾಂದಿ ಖಂಡಿತ ಬೇಡ, ಅದು ಒಳಗಿನ ಬಿಸಿಯನ್ನು ಚರ್ಮಕ್ಕೆ ತಂದು ಕಳೆಯುತ್ತದೆ. ಮರಗಟ್ಟಿದ ಬೆರಳನ್ನು ಉಜ್ಜಬೇಡಿ, ಕಂಕುಳಲ್ಲಿ ಇಟ್ಟುಕೊಳ್ಳಲು ಹೇಳಿ. ಸ್ವಲ್ಪ ಚೇತರಿಸಿಕೊಂಡ ಕೂಡಲೇ ಕೆಳಗಿಳಿಸಿ. ನಡೆಯಲು ಆಗದಿದ್ದರೆ ಮರೆಯಲ್ಲೇ ಬೆಚ್ಚಗಿಟ್ಟು, ಸಹಾಯ ಕರೆತರಲು ಇಬ್ಬರನ್ನು ಜೊತೆಯಾಗಿ ಕಳಿಸಿ. ಒಬ್ಬರನ್ನೇ ಕಳಿಸಬೇಡಿ.