ಕಸದ ಗಾಡಿ ಬರದಿದ್ದರೂ ಈಗ ತಲೆಬಿಸಿ ಇಲ್ಲ

ಬೆಂಗಳೂರಿನಲ್ಲಿ ಬೆಳಗ್ಗೆ ಬೆಳಗ್ಗೆಯೇ ಮೂಡ್ ಕೆಡಿಸೋಕೆ ಕಸದ ಗಾಡಿ ಒಂದು ಸಾಕು. ಒಂದು ದಿನ ನಾವು ಏಳುವ ಮೊದಲೇ ಬಂದು ಹೋಗಿರುತ್ತದೆ, ಇನ್ನೊಂದು ದಿನ ಪತ್ತೆಯೇ ಇರುವುದಿಲ್ಲ. ಬಕೆಟ್‌ನಲ್ಲಿ ನುಗ್ಗೆಕಾಯಿ ಚರಟ, ಕಾಫಿ ಗಸಿ, ಮಾವಿನ ಸಿಪ್ಪೆ ಸೇರಿ ನಾರುತ್ತಿರುತ್ತವೆ. ನಾನೂ ಫೋನ್ ಮಾಡಿ ಕೂಗಾಡುತ್ತಿದ್ದೆ, ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕುತ್ತಿದ್ದೆ. ಎರಡು ದಿನ ಗಾಡಿ ಸರಿಯಾಗಿ ಬರುತ್ತಿತ್ತು. ಆಮೇಲೆ ಅದೇ ಹಾಡು.

ಆದರೆ ನಾರುವುದು ಹಸಿ ಕಸ ಮಾತ್ರ ಅಲ್ವಾ? ತೊಳೆದಿಟ್ಟ ಹಾಲಿನ ಕವರ್, ರಟ್ಟು, ಬಾಟಲಿ ಎಲ್ಲ ಒಂದು ವಾರ ಮೂಲೆಯಲ್ಲಿದ್ದರೂ ತಂಟೆ ಇಲ್ಲ. ಗಾಡಿಯ ಟೈಮು ನನ್ನ ಕೈಲಿಲ್ಲ, ಸರಿ. ಅದಕ್ಕೆ ದಿನಾ ಕಾಯುವ ಗತಿ ತಪ್ಪಿಸಿಕೊಳ್ಳಬಹುದಿತ್ತು. ಇನ್ನೊಂದು ವಿಷಯವೂ ತಲೆಯಲ್ಲಿತ್ತು. ನಾವು ಕೊಟ್ಟ ಕಸ ವರ್ಷಗಟ್ಟಲೆ ನಗರದ ಹೊರಗಿನ ಮಾವಳ್ಳಿಪುರ, ಮಂಡೂರು ಹಳ್ಳಿಗಳ ಪಕ್ಕ ಗುಡ್ಡವಾಗಿ ಬಿದ್ದಿತ್ತು. ಆ ಊರಿನವರು ಬೀದಿಗಿಳಿದ ಮೇಲೆಯೇ ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರ ಕೊನೆಗೆ ಕಸ ಸುರಿಯುವುದು ನಿಂತಿತು. ನನಗೆ ಒಂದು ದಿನ ತಡೆಯಲಾಗದ ವಾಸನೆ ಅವರಿಗೆ ದಿನನಿತ್ಯದ್ದಾಗಿತ್ತು.

ಅದಕ್ಕೇ ಹಸಿ ಕಸವನ್ನು ಬಾಲ್ಕನಿಯಲ್ಲೇ ಗೊಬ್ಬರ ಮಾಡೋಕೆ ಶುರು ಮಾಡಿದೆ. ಮಾಡಿದ್ದು ಇಷ್ಟೇ. ಇಪ್ಪತ್ತು ಲೀಟರಿನ ಎರಡು ಹಳೇ ಪೇಂಟ್ ಡಬ್ಬಿಗಳ ತಳಕ್ಕೂ ಸುತ್ತಲೂ ತೂತು ಹಾಕಿದೆ. ಕೆಳಗೊಂದು ತಟ್ಟೆ. ಡಬ್ಬಿಯೊಳಗೆ ನಾಲ್ಕು ಬೆರಳು ಒಣ ಎಲೆ, ಅದರ ಮೇಲೆ ಸಣ್ಣಗೆ ಹೆಚ್ಚಿದ ಹಸಿ ಕಸ, ಮೇಲೆ ಮತ್ತೆ ಎಲೆ ಅಥವಾ ತೆಂಗಿನ ನಾರಿನ ಪುಡಿ. ಶುರುವಿನಲ್ಲಿ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿದರೆ ಬೇಗ ಕಳಿಯುತ್ತದೆ. ಸಾರು, ಎಣ್ಣೆ ಬಸಿದೇ ಹಾಕಬೇಕು. ಮಾಂಸ, ಮೂಳೆ ನಾನು ಹಾಕುವುದಿಲ್ಲ. ವಾರಕ್ಕೆರಡು ಸಲ ಕೋಲಿನಿಂದ ಕಲಸುತ್ತೇನೆ. ಒಂದು ತುಂಬಿದರೆ ಮುಚ್ಚಿಟ್ಟು ಇನ್ನೊಂದಕ್ಕೆ ಹಾಕುವುದು. ಸುಮಾರು ಎರಡು ತಿಂಗಳಲ್ಲಿ ಮೊದಲನೆಯದು ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಜಾಸ್ತಿ, ಗಾಳಿ ಕಮ್ಮಿ ಅಂತ ಅರ್ಥ. ಒಣ ಎಲೆ ಸುರಿದು ಕಲಸಿದರೆ ಒಂದೆರಡು ದಿನದಲ್ಲಿ ಹೋಗುತ್ತದೆ. ಬಿಳಿ ಬೂಷ್ಟು ಬಂದರೆ ಗಾಬರಿ ಬೇಡ, ಅದೂ ಕೆಲಸಗಾರನೇ. ದಪ್ಪ ಹುಳು ಕಂಡರೆ ಮನೆಯವರು ಕಿರುಚುತ್ತಾರೆ, ಆದರೆ ಅವು ಕಸ ತಿಂದು ಮುಗಿಸುತ್ತವೆ. ನೊಣಕ್ಕೆ ಬೇವಿನ ಹಿಂಡಿ ಪುಡಿ ಉದುರಿಸುತ್ತೇನೆ. ಒಣ ಎಲೆಗೆ ದುಡ್ಡು ಕೊಡಬೇಕಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಬೀದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಗುಡಿಸುವ ಅಕ್ಕ ಚೀಲಕ್ಕೆ ತುಂಬಿ ಕೊಡುತ್ತಾರೆ, ಇಲ್ಲದಿದ್ದರೆ ಯಾರಾದರೂ ಬೆಂಕಿ ಹಚ್ಚುತ್ತಾರೆ.

ಒಂದೇ ರೂಮಿನ ಬಾಡಿಗೆ ಮನೆಯವರಿಗೆ "ನೀವೂ ಮಾಡಿ" ಅಂತ ಉಪದೇಶ ಮಾಡೋಕೆ ನನಗೆ ಮನಸ್ಸಿಲ್ಲ. ಬಾಲ್ಕನಿ ಇರುವುದು ನನ್ನ ಅದೃಷ್ಟ. ಹಾಗಂತ ನಗರದ ಹೊಣೆ ಮುಗಿಯಿತು ಅಂತಲೂ ಒಪ್ಪುವುದಿಲ್ಲ. ಹಸಿ ಕಸಕ್ಕೆ ಹಸಿರು ಬಕೆಟ್, ಡೈಪರ್‌ನಂಥ ಕಸಕ್ಕೆ ಕೆಂಪು ಬಕೆಟ್, ಒಣ ಕಸಕ್ಕೊಂದು ಚೀಲ ಅಂತ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟೇ ಹೇಳಿತ್ತು. ಬೇರೆ ಬೇರೆ ಮಾಡಿ ಕೊಟ್ಟಿದ್ದನ್ನು ಗಾಡಿಯಲ್ಲಿ ಒಟ್ಟಿಗೆ ಸುರಿದರೆ ಈಗಲೂ ದೂರು ಕೊಡುತ್ತೇನೆ. ಕೆಂಪು ಬಕೆಟ್‌ಗೆ ಮಾತ್ರ ಮನೆಯಲ್ಲಿ ಮದ್ದಿಲ್ಲ. ಡೈಪರ್, ಪ್ಯಾಡ್, ಬ್ಯಾಂಡೇಜ್ ಪೇಪರಿನಲ್ಲಿ ಸುತ್ತಿ ಗಾಡಿಗೇ ಕೊಡಬೇಕು.